ಕೊಟ್ಟ ದುಡ್ಡಿನ ಸುಖ

ಯಲಹಂಕದ ಪಕ್ಕದ ಸಿಂಗಾಪುರ ಹಳ್ಳಿಯ ಚಿಕ್ಕಬೈರಪ್ಪನವರು ಒಂದು ಸೋಮವಾರ ಬೆಳಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತ ನಿಂತಿದ್ದವರು, ಬೇವಿನಕಡ್ಡಿಯನ್ನು ಬಾಯಿಂದ ತೆಗೆದು ಹೆಂಡತಿಗೆ ಹೇಳಿದರು:

"ಈ ಸೀಮೇಲಿ ಯಾವ ಅಪ್ಪನೂ ಮಕ್ಳಿಗೆ ಕೊಡದಂಗೆ ನಾನು ಕೊಡ್ತೀನಿ, ನೋಡ್ತಿರು. ಬರೀ ದುಡ್ಡಲ್ಲ. ದುಡ್ಡಿನ ಜೊತೆ ಕಾಗದ. ನಾಳೆ ಡೆಲ್ಲಿಯಿಂದ ಆಫೀಸರು ಬಂದು ಭೂತಗನ್ನಡಿ ಇಟ್ಟು ನೋಡಿದ್ರೂ ಒಂದು ತೂತು ಸಿಕ್ಬಾರ್ದು."

ಅಂಗಳ ಗುಡಿಸುತ್ತಿದ್ದ ಗಂಗರತ್ನಮ್ಮ ತಲೆ ಎತ್ತಲಿಲ್ಲ. "ಮೊದ್ಲು ಬಾಯಿ ತೊಳ್ಕೊಳ್ಳಿ," ಎಂದರು.

ಅದು ಅರವತ್ತೊಂದನೆಯ ಇಸವಿ. ಕೆರೆಯ ಆಚೆಗಿದ್ದ ಅವರ ಗದ್ದೆಯನ್ನು ಸರ್ಕಾರ ತೆಗೆದುಕೊಂಡು ಪರಿಹಾರದ ಹಣ ಕೊಟ್ಟಿತ್ತು. ಉಳಿದದ್ದು ಮನೆ, ಮನೆಯ ಹಿಂದಿನ ಎರಡೂವರೆ ಎಕರೆ ದ್ರಾಕ್ಷಿ ತೋಟ. ಚಿಕ್ಕಬೈರಪ್ಪನವರಿಗೆ ಗದ್ದೆ ಹೋದ ದುಃಖ ಅಷ್ಟಾಗಿ ಆಗಿರಲಿಲ್ಲ. ಗದ್ದೆಯಲ್ಲಿ ಕೆಲಸವಿರುತ್ತದೆ. ದ್ರಾಕ್ಷಿ ಚಪ್ಪರದ ಕೆಳಗೆ ನೆರಳಿರುತ್ತದೆ. ಅವರು ನೆರಳಿನ ಮನುಷ್ಯ. ಮಧ್ಯಾಹ್ನ ಊಟ ಮಾಡಿ ಚಪ್ಪರದ ಕೆಳಗೆ ಮಂಚ ಹಾಕಿಕೊಂಡು ಮಲಗಿದರೆ, ಎಲೆಗಳ ನಡುವೆ ಇಳಿಯುವ ಬಿಸಿಲಿನ ಚುಕ್ಕೆಗಳು ಮೈಮೇಲೆ ಅತ್ತಿತ್ತ ಓಡಾಡುವುದನ್ನು ನೋಡುತ್ತ ಸಂಜೆಯಾಗಿಬಿಡುತ್ತಿತ್ತು. ತೋಟದ ಬದುಕು ಬಾಳು ನೋಡುತ್ತಿದ್ದವನು ಮಗ ಮುನಿವೆಂಕಟಯ್ಯ. ಮನೆ ನೋಡುತ್ತಿದ್ದವರು ಗಂಗರತ್ನಮ್ಮ. ಮಗಳು ಶಾಮಮ್ಮನನ್ನು ರಾಜಾನುಕುಂಟೆಗೆ ಕೊಟ್ಟಿತ್ತು.

ಮಕ್ಕಳಿಬ್ಬರಿಗೂ ತಲಾ ನಾಲ್ಕೂವರೆ ಸಾವಿರ ಕೊಡುವುದೆಂದು ನಿಶ್ಚಯವಾಯಿತು. ಆದರೆ ಹೀಗೆ ಕೊಡುವುದಕ್ಕೂ ಈಚೆಗೆ ಒಂದು ತೆರಿಗೆ ಬಂದಿದೆ ಎಂದು ಸಂತೆಯಲ್ಲಿ ಯಾರೋ ಹೇಳಿದ್ದರು. ಹಾಗಾಗಿ ಚಿಕ್ಕಬೈರಪ್ಪನವರು ಒಗೆದ ಪಂಚೆ ಉಟ್ಟು, ಹೆಂಡತಿಯನ್ನು ಕರೆದುಕೊಂಡು ಯಶವಂತಪುರದ ಆನಂದಪ್ಪನವರ ಮನೆಗೆ ಹೋದರು. ಆನಂದಪ್ಪ ಕಚೇರಿಗಳಿಗೆ ಅರ್ಜಿ, ಕರಾರು, ಪತ್ರ ಬರೆದುಕೊಟ್ಟು ಜೀವನ ಮಾಡುವವರು. ಮನೆ ರೈಲು ಹಳಿಯ ಮಗ್ಗುಲಲ್ಲೇ ಇತ್ತು. ಗಾಡಿ ಹೋದಾಗಲೆಲ್ಲ ಗೋಡೆಯ ಮೇಲಿನ ದೇವರ ಪಟಗಳು ಗಡಗಡ ಎನ್ನುತ್ತಿದ್ದವು. ಆನಂದಪ್ಪನವರಿಗೆ ಅದು ಅಭ್ಯಾಸವಾಗಿ, ರೈಲು ಬಂದರೂ ಮಾತು ನಿಲ್ಲಿಸುತ್ತಿರಲಿಲ್ಲ.

"ವರ್ಷಕ್ಕೆ ಹತ್ತು ಸಾವಿರದ ಒಳಗೆ ಕೊಟ್ರೆ ದಾನದ ತೆರಿಗೆ ಇಲ್ಲ," ಎಂದರು ಆನಂದಪ್ಪ. "ನಿಮ್ದು ಒಂಬತ್ತು. ಚಿಂತೆ ಇಲ್ಲ. ಆದ್ರೂ ಪತ್ರ ಇರ್ಲಿ. ನೀವು ಕೊಟ್ಟೆ ಅಂತ ಒಂದು, ಅವರು ತಗೊಂಡೆ ಅಂತ ಒಂದು."

ಅವರು ಬರೆದು ಓದಿದರು: "ನಾನು ಸ್ವಸ್ಥಚಿತ್ತನಾಗಿ, ಯಾರ ಬಲವಂತಕ್ಕೂ ಒಳಗಾಗದೆ, ಕೇವಲ ಪ್ರೀತಿ ವಿಶ್ವಾಸದಿಂದ..."

"ಬಲವಂತ ಇಲ್ಲ ಅಂತ ಬರ್ದ್ರಾ?" ಎಂದರು ಗಂಗರತ್ನಮ್ಮ. "ಎರಡು ವರ್ಸದಿಂದ ಕೊಡಿ ಕೊಡಿ ಅಂತ ಏಳಿ ಏಳಿ ನನ್ ಗಂಟ್ಲು ಒಣಗೋಗೈತೆ."

"ಅದನ್ನ ಬರೆಯೋಕೆ ಈ ಪತ್ರದಲ್ಲಿ ಜಾಗ ಇಲ್ಲ ತಾಯಿ."

ಕೊನೆಗೆ ಆನಂದಪ್ಪ ಕನ್ನಡಕ ತೆಗೆದು ಒಂದು ಮಾತು ಹೇಳಿದರು. "ಗೌಡ್ರೇ, ಪತ್ರ ಬರೆದ್ರೆ ಮುಗೀಲಿಲ್ಲ. ಕೊಟ್ಟ ಮೇಲೆ ಅದರ ಸುಖ ನಿಮಗೆ ತಾಗಬಾರ್ದು. ಕೊಟ್ಟೋನೂ ಅನುಭವಿಸ್ತಾ ಇದ್ರೆ, ನಾಳೆ ನೀವು ಕಣ್ಮುಚ್ಚಿದ ಮೇಲೆ ಸರ್ಕಾರ ಏನನ್ನುತ್ತೆ? ಇವನು ಕೊಟ್ಟೇ ಇಲ್ಲ, ತಾನೇ ಇಟ್ಕೊಂಡಿದ್ದ ಅನ್ನುತ್ತೆ. ಸತ್ತೋರ ಆಸ್ತಿ ಮೇಲೆ ಸುಂಕ ಐತಲ್ಲ, ಅದನ್ನ ಮಕ್ಕಳ ಹತ್ರ ಕೇಳುತ್ತೆ. ಆದ್ರೆ ಇದೆಲ್ಲ ಯಾರಿಗೆ ಅಂದ್ರೆ..."

ಆಗ ಗೂಡ್ಸು ಗಾಡಿ ಬಂತು. ಆನಂದಪ್ಪನವರ ತುಟಿ ಆಡುತ್ತಲೇ ಇತ್ತು. ಚಿಕ್ಕಬೈರಪ್ಪನವರ ಕಣ್ಣು ಕಿಟಕಿಯ ಆಚೆ ಹೋಗಿತ್ತು. ಕೆಂಪು ಡಬ್ಬಿ, ಕಪ್ಪು ಡಬ್ಬಿ, ಒಂದರ ಬಾಗಿಲು ತೆರೆದಿತ್ತು, ಅದರೊಳಗೆ ಹುಲ್ಲು. ಈ ಹುಲ್ಲು ಯಾವ ಊರಿನದೋ, ಯಾವ ಊರಿಗೆ ಹೋಗುತ್ತದೋ, ಅಲ್ಲಿಯ ದನ ಇದನ್ನು ತಿನ್ನುವಾಗ ರುಚಿ ಬೇರೆ ಎಂದು ಅದಕ್ಕೆ ಗೊತ್ತಾಗುತ್ತದೋ ಇಲ್ಲವೋ ಎಂದು ಅವರು ಯೋಚಿಸುತ್ತಿದ್ದರು. ಗಂಗರತ್ನಮ್ಮ ಅಷ್ಟು ಹೊತ್ತಿಗೆ ಹಿತ್ತಲಲ್ಲಿ ಆನಂದಪ್ಪನ ಹೆಂಡತಿಯ ಹತ್ತಿರ ಕರಿಬೇವಿನ ಸಸಿ ಕೇಳುತ್ತಿದ್ದರು. ಗಾಡಿ ಹೋಯಿತು. ಆನಂದಪ್ಪ, "ಗೊತ್ತಾಯ್ತಾ?" ಎಂದರು.

"ಚೆನ್ನಾಗಿ," ಎಂದರು ಚಿಕ್ಕಬೈರಪ್ಪ.

ಮಗ ಸಹಿ ಮಾಡಿದ. ನಾಲ್ಕನೆಯ ತರಗತಿ ಓದಿದ್ದ ಮಗಳು ತಾನೇ ಬರೆದು ಕಳಿಸಿದಳು: "ಅಪ್ಪ ಕೊಟ್ಟಿದ್ದು ಮುಟ್ಟಿತು. ಅಪ್ಪ ಇನ್ನುಮೇಲಾದರೂ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಾಡಲಿ." ಎರಡನೆಯ ವಾಕ್ಯ ಕಾನೂನಿಗೆ ಬೇಡ, ಹೊಡೆದುಹಾಕೋಣ ಎಂದರು ಆನಂದಪ್ಪ. ಚಿಕ್ಕಬೈರಪ್ಪನವರು ಕೊಡಲಿಲ್ಲ. ಆ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಬರಿಗಾಲಲ್ಲಿ ಮನೆಗೆ ಬಂದರು.

ಮುನಿವೆಂಕಟಯ್ಯ ದುಡ್ಡನ್ನು ಕೈಯಲ್ಲಿ ಇಟ್ಟುಕೊಂಡು ಕೂರುವ ಪೈಕಿ ಅಲ್ಲ. ಒಂದು ತಿಂಗಳಲ್ಲಿ ಬಾವಿಗೆ ಪಂಪು ಬಂತು. ಕೊಟ್ಟಿಗೆಗೆ ಸೀಮೆ ಹಸು ಬಂತು. ಮಿಕ್ಕದ್ದರಲ್ಲಿ ಹಜಾರದ ಗೂಡಿಗೆ ಒಂದು ರೇಡಿಯೋ ಬಂತು.

ಹಸು ಬಂದ ಮರುದಿನ ಸೊಸೆ ಲೋಟದ ತುಂಬ ನೊರೆಗಾಫಿ ತಂದಿಟ್ಟಳು. ಚಿಕ್ಕಬೈರಪ್ಪನವರು ಲೋಟಕ್ಕೆ ಕೈಹಾಕಿದವರು ಹಾಗೆಯೇ ನಿಂತರು.

"ಈ ಹಾಲು ಯಾವ ಹಸೀಂದಮ್ಮ?"

"ಸೀಮೆ ಹಸೀಂದು, ಮಾವ."

ಅವರು ಕೈ ಹಿಂದಕ್ಕೆ ತೆಗೆದರು. "ಇದು ನಂಗೆ ಸಲ್ಲೋದಿಲ್ಲ, ತಗೊಂಡೋಗು."

ಮಧ್ಯಾಹ್ನದ ಹೊತ್ತಿಗೆ ಯೋಚನೆ ಇನ್ನೂ ಮುಂದೆ ಹೋಗಿತ್ತು. ಹಾಲಷ್ಟೇ ಅಲ್ಲ, ಪಂಪಿನ ನೀರಲ್ಲಿ ಬೆಳೆದ ಸೊಪ್ಪೂ ಸಲ್ಲದು. ಹಾಲು ಮಾರಿದ ಕಾಸಲ್ಲಿ ತಂದ ಬೇಳೆಯೂ ಸಲ್ಲದು. ಮಗನ ಸಂಸಾರದ ಒಲೆಯಲ್ಲಿ ಬೆಂದದ್ದು ಯಾವುದೂ ಸಲ್ಲದು. ಈ ತೀರ್ಮಾನವನ್ನು ಅವರು ಹೆಂಡತಿಗೆ ಬಹಳ ಮೆಲ್ಲಗೆ, ದೂರದಲ್ಲಿ ಏನನ್ನೋ ನೋಡುವವರ ಹಾಗೆ ಹೇಳಿದರು.

"ಅಂಗಾದ್ರೆ ಏನ್ ತಿಂತೀರಾ?"

"ನಿಂಗೆ ನಾನು ಏನೂ ಕೊಟ್ಟಿಲ್ವಲ್ಲ. ಅದ್ಕೇ ನಿನ್ ಕೈ ಊಟ ಮಾಡಬೌದು. ಹಿತ್ತಲಲ್ಲಿ ಬೇರೆ ಒಲೆ ಹೂಡು."

ಗಂಗರತ್ನಮ್ಮ ಗಂಡನ ಮುಖವನ್ನು ಬಹಳ ಹೊತ್ತು ನೋಡಿದರು. ನಲವತ್ತು ವರ್ಷ ಸಂಸಾರ ಮಾಡಿದ್ದರಿಂದ ಅವರಿಗೆ ಒಂದು ವಿಷಯ ಗೊತ್ತಿತ್ತು. ಈ ಮನುಷ್ಯ ಎಚ್ಚರವಾಗಿದ್ದಾಗ ಹಿಡಿದ ಹಟವನ್ನು ಬಿಡಿಸಬಹುದು, ಕನಸಿನಲ್ಲಿದ್ದಾಗ ಹಿಡಿದದ್ದನ್ನು ಬಿಡಿಸಲಾಗದು. ಮೂರು ಕಲ್ಲು ಇಟ್ಟು ಒಲೆ ಹೂಡಿದರು. ಅಂದಿನಿಂದ ಆ ಮನೆಯಲ್ಲಿ ಎರಡು ಹೊಗೆ ಏಳತೊಡಗಿದವು. ಹಿತ್ತಲ ಒಲೆಗೆ ಅಕ್ಕಿ, ರಾಗಿಹಿಟ್ಟು, ಬೇಳೆ, ಬೆಲ್ಲ ಎಲ್ಲವೂ ಯಲಹಂಕದ ಅಂಗಡಿಯಿಂದ ಬರುತ್ತಿದ್ದವು. ಸಾಮಾನು ಎಲ್ಲಿಂದ ಬರುತ್ತದೆ ಎಂದು ಚಿಕ್ಕಬೈರಪ್ಪನವರು ಆಯುಸ್ಸಿನಲ್ಲಿ ಕೇಳಿದವರಲ್ಲ. ಈಗಲೂ ಕೇಳಲಿಲ್ಲ.

ಊಟದ ಸುಖವನ್ನು ತಡೆಯುವುದು ಸುಲಭ. ಬಾಯಿ ಮುಚ್ಚಿದರಾಯಿತು. ಕಿವಿಯದೇ ಕಷ್ಟ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮುನಿವೆಂಕಟಯ್ಯ ರೇಡಿಯೋ ತಿರುಗಿಸುತ್ತಿದ್ದ. ಚಿಕ್ಕಬೈರಪ್ಪನವರು ಕೂಡಲೇ ಮೇಲುಹೊದಿಕೆ ಹೆಗಲಿಗೆ ಹಾಕಿಕೊಂಡು ಚಪ್ಪರಕ್ಕೆ ಹೊರಟುಬಿಡುತ್ತಿದ್ದರು. ಹಾಡು ಅಲ್ಲಿಗೂ ಬಂತು. ಮಂಚವನ್ನು ಬಾವಿಯ ಹತ್ತಿರಕ್ಕೆ ಎಳೆದರು. ಗಾಳಿ ತಿರುಗಿದ ದಿನ ಅಲ್ಲಿಗೂ ಬಂತು. ಕೊನೆಗೆ ಮಂಚ ಕೆರೆ ಏರಿಯ ಹೊಂಗೆಮರದ ಕೆಳಗೆ ಹೋಯಿತು.

ಅಲ್ಲಿ ಸಂಜೆ ಬೇರೆಯೇ ತರಹ ಇಳಿಯುತ್ತಿತ್ತು. ಕೆರೆಯ ನೀರು ಮೊದಲು ಜೇನಿನ ಬಣ್ಣ, ಆಮೇಲೆ ನೇರಳೆ, ಆಮೇಲೆ ಬಣ್ಣವೇ ಇಲ್ಲದ್ದು. ಬೆಳ್ಳಕ್ಕಿಗಳು ಒಂದೊಂದಾಗಿ ಜಾಲಿಮರಕ್ಕೆ ಬಂದು ಕೂತು, ಮರ ಬೆಳ್ಳಗಾಗುತ್ತಿತ್ತು. ಹೊಲದ ಮೇಲೆ ಹೊಗೆ ಪದರು ಪದರಾಗಿ ನಿಲ್ಲುತ್ತಿತ್ತು. ಆ ಹೊಗೆಯ ಮೇಲೆ ನಡೆದುಕೊಂಡು ಬಂದ ಹಾಗೆ, ದೂರದಿಂದ ಒಂದು ಹೆಂಗಸಿನ ದನಿ ತೇಲಿ ಬರುತ್ತಿತ್ತು. ಪದ ತಿಳಿಯುತ್ತಿರಲಿಲ್ಲ. ರಾಗ ಮಾತ್ರ ನೀರಿಗೆ ತಾಗಿ, ನೀರು ಅದನ್ನು ಇವರಿಗೆ ಕೊಟ್ಟು, ಇವರ ಎದೆಯಲ್ಲಿ ಏನೋ ಸಡಿಲವಾಗುತ್ತಿತ್ತು. ತಾಯಿ ಸತ್ತ ವರ್ಷ, ಮಗಳು ಮೊದಲು ನಡೆದ ದಿನ, ಎಂದೋ ತಿಂದ ಒಂದು ಸೀಬೆಹಣ್ಣು, ಎಲ್ಲ ಒಟ್ಟಿಗೆ ನೆನಪಾಗುತ್ತಿತ್ತು. ಚಿಕ್ಕಬೈರಪ್ಪನವರು ಕಿವಿಗೆ ಟವೆಲು ಸುತ್ತಿಕೊಳ್ಳುತ್ತಿದ್ದರು. ಆದರೆ ಅಷ್ಟು ಹೊತ್ತಿಗೆ ಹಾಡು ಒಳಗೆ ಬಂದಾಗಿರುತ್ತಿತ್ತು. ಟವೆಲು ಕಟ್ಟಿದ್ದರಿಂದ ಹೊರಗೆ ಹೋಗಲಾರದೆ ಒಳಗೇ ಸುತ್ತುತ್ತಿತ್ತು.

ಅವರು ಪ್ರಾಮಾಣಿಕರು. ತಪ್ಪಿ ತಾಗಿದ ಸುಖವನ್ನು ಮುಚ್ಚಿಡುವುದು ಸರಿಯಲ್ಲ ಎನ್ನಿಸಿತು. ಎಷ್ಟು ತಾಗಿತೋ ಅಷ್ಟನ್ನು ಬರೆದಿಟ್ಟರೆ, ನಾಳೆ ಆಫೀಸರು ಅಷ್ಟಕ್ಕೆ ಮಾತ್ರ ಸುಂಕ ಹಾಕಬಹುದು, ಉಳಿದದ್ದು ಮಕ್ಕಳಿಗೆ ಉಳಿಯುತ್ತದೆ. ಎಂಬತ್ತು ಪುಟದ ಒಂದು ನೋಟುಬುಕ್ಕು ತಂದರು. ಮೊದಲ ಪುಟದಲ್ಲಿ 'ತಾಗಿದ ಸುಖ' ಎಂದು ಬರೆದು ಅಡಿಗೆರೆ ಎಳೆದರು.

"ಮಂಗಳವಾರ. ಸೀಮೆ ಹಸುವಿನ ಹಾಲು ಕಾಯುವಾಗ ವಾಸನೆ ಬಂತು. ಉಸಿರು ಬಿಗಿಹಿಡಿದೆ. ಆದರೂ ಸ್ವಲ್ಪ ಒಳಗೆ ಹೋಯಿತು."

"ಶುಕ್ರವಾರ. ಅರ್ಧ ಹಾಡು. ನಾನು ಕೇಳಲಿಲ್ಲ. ಕೇಳಿಸಿತು."

"ಭಾನುವಾರ. ಪಂಪಿನ ನೀರು ಕಾಲುವೆಯಲ್ಲಿ ಹೋಗುತ್ತಿತ್ತು. ದಾಟುವಾಗ ಕಾಲು ತಣ್ಣಗಾಯಿತು. ದಾಟಲೇಬೇಕಿತ್ತು. ಆದರೆ ನಡುವೆ ನಿಂತದ್ದು ತಪ್ಪು."

ಊರಿನವರಿಗೆ ಕಾಣುತ್ತಿದ್ದದ್ದು ಇಷ್ಟು: ಅಪ್ಪನಿಂದ ದುಡ್ಡು ಇಸಿದುಕೊಂಡ ತಿಂಗಳಿಗೇ ಮಗ ಅಪ್ಪನ ಒಲೆ ಬೇರೆ ಮಾಡಿದ. ಅಪ್ಪ ಮಂಚ ಹೊತ್ತುಕೊಂಡು ಕೆರೆ ಏರಿ ಸೇರಿದ. ತಲೆಗೆ ಟವೆಲು ಸುತ್ತಿಕೊಂಡು ಒಬ್ಬನೇ ಕಣ್ಣೀರು ಹಾಕುತ್ತಾನೆ. ಮುನಿವೆಂಕಟಯ್ಯ ಕ್ಷೌರಕ್ಕೆ ಹೋದರೆ ಅಂಗಡಿಯಲ್ಲಿ ಮಾತು ನಿಲ್ಲುತ್ತಿತ್ತು. ಹಾಲು ಹಾಕಲು ಹೋದರೆ ಹೆಂಗಸರು ಲೋಟ ಮಗುಚಿ ಇಡುತ್ತಿದ್ದರು. ಅಪ್ಪನಿಗೆ ಕೊಡದ ಹಾಲು ನಮಗೂ ಬೇಡ ಎಂದಳು ಒಬ್ಬಳು ಮುದುಕಿ.

ಹೀಗೆ ಮೂರು ತಿಂಗಳು ಕಳೆದ ಮೇಲೆ ಚಿಕ್ಕಬೈರಪ್ಪನವರು ಮಗಳನ್ನು ನೋಡಲು ರಾಜಾನುಕುಂಟೆಗೆ ಹೋದರು. ಯಲಹಂಕದವರೆಗೆ ನಡೆದು, ಅಲ್ಲಿಂದ ಬಸ್ಸು. ಬೀಗರು ದೊಡ್ಡಮಾರಯ್ಯ ಬಾಗಿಲಲ್ಲೇ ನಿಂತು ಕರೆದರು. ಒಳಗೆ ಹಜಾರದ ನಟ್ಟನಡುವೆ ಒಂದು ತೂಗುಮಣೆ. ಕನ್ನಡಿಯಂತೆ ಹೊಳೆಯುವ ಹಲಗೆ, ಹಿತ್ತಾಳೆಯ ಸರಪಳಿ.

"ಬನ್ನಿ ಬೀಗ್ರೇ, ಮೇಲೆ ಕೂತ್ಕೊಳ್ಳಿ," ಎಂದರು ದೊಡ್ಡಮಾರಯ್ಯ.

ಹೋದ ಸಲ ಬಂದಾಗ ಇಷ್ಟು ಹೊಳೆಯುವುದು ಏನೂ ಆ ಮನೆಯಲ್ಲಿ ಇರಲಿಲ್ಲ. ಚಿಕ್ಕಬೈರಪ್ಪನವರಿಗೆ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಮಗಳಿಗೆ ಕೊಟ್ಟ ದುಡ್ಡು ಇದು. ಅವರು ಎರಡು ಹೆಜ್ಜೆ ಹಿಂದೆ ಸರಿದು ಬರಿನೆಲದ ಮೇಲೆ, ಗೋಡೆಗೆ ಒರಗಿ ಕೂತರು.

"ಯಾಕೆ ಬೀಗ್ರೇ?"

"ನಂಗೆ ಇದ್ರ ಮೇಲೆ ಕೂರೋ ಯೋಗ ಇಲ್ಲ."

ಮಗಳು ಮಜ್ಜಿಗೆ ತಂದಳು. ಬೇಡವೆಂದರು. ಹೋಳಿಗೆ ತಂದಳು. ಬೇಡವೆಂದರು. ನೀರಾದರೂ ಕುಡಿಯಪ್ಪಾ ಎಂದಳು. ಚೊಂಬು ಹೊಸದಾಗಿ ಕಂಡಿತು, ಅದನ್ನೂ ಮುಟ್ಟಲಿಲ್ಲ. ಹೆಣ್ಣು ಕೊಟ್ಟವರು ಬೀಗರ ಮನೆಯಲ್ಲಿ ನೆಲದ ಮೇಲೆ ಕೂತು, ನೀರೂ ಮುಟ್ಟದೆ, ತೂಗುಮಣೆಯನ್ನು ಆಸೆಗಣ್ಣಿಂದ ನೋಡುತ್ತ ಒಂದು ಗಂಟೆ ಇದ್ದು ಎದ್ದು ಹೋದರು. ದೊಡ್ಡಮಾರಯ್ಯ ಬಸ್ಸಿನವರೆಗೂ ಬರಲಿಲ್ಲ.

ಮೂರನೆಯ ದಿನ ಶಾಮಮ್ಮ ಸಿಂಗಾಪುರಕ್ಕೆ ಬಂದಳು. ಕಣ್ಣು ಊದಿತ್ತು.

"ಅಮ್ಮಾ, ನಮ್ಮ ಮಾವ ಊಟ ಬಿಟ್ಟವ್ರೆ. ನಾವೇನು ಕೀಳು ಜನವಾ ಅಂತಾರೆ. ಸಂಬಂಧ ಬೆಳೆಸಿದ್ದೇ ತಪ್ಪಾಯ್ತು ಅಂತಾರೆ. ಅಣ್ಣನ ಒಲೆ ಬಿಟ್ಟಿದ್ದು ಸಾಲ್ದಾ? ಅಪ್ಪಂಗೆ ಏನಾಗೈತೆ?"

ಗಂಗರತ್ನಮ್ಮ ಮಗಳನ್ನು ಒಳಗೆ ಕರೆದುಕೊಂಡು ಹೋದರು. ತಾಯಿ ಮಗಳು ಬಹಳ ಹೊತ್ತು ಪಿಸುಗುಟ್ಟಿದರು. ಅಷ್ಟರಲ್ಲಿ ಮುನಿವೆಂಕಟಯ್ಯ ಗೂಡಿನಿಂದ ರೇಡಿಯೋ ಕಿತ್ತುಕೊಂಡು ನೆಟ್ಟಗೆ ಕೆರೆ ಏರಿಗೆ ಹೋಗಿ, ಅಪ್ಪನ ತೊಡೆಯ ಮೇಲೆ ಇಟ್ಟ.

"ತಗೊಳ್ಳಪ್ಪ. ಹಸಾನೂ ನಿಂದೇ, ಪಂಪೂ ನಿಂದೇ. ಊರೋರು ನನ್ ಮಕಕ್ಕೆ ಉಗೀತವ್ರೆ. ನಂಗೆ ಏನೂ ಬ್ಯಾಡ."

ಚಿಕ್ಕಬೈರಪ್ಪನವರು ಕೆಂಡ ಬಿದ್ದಂತೆ ಎರಡೂ ಕೈ ಮೇಲಕ್ಕೆ ಎತ್ತಿದರು. "ವಾಪಸ್ ಕೊಡೋದು ಅಷ್ಟು ಸುಲಭ ಅಲ್ಲ ಕಣೋ. ಆಗ ಅದು ನೀನು ನಂಗೆ ಕೊಟ್ಟ ದಾನ ಆಯ್ತದೆ. ಅದಕ್ಕೂ ಪತ್ರ ಬರೀಬೇಕು. ಆಮೇಲೆ ಇದ್ರ ಸುಖ ನಿಂಗೆ ತಾಗೋ ಹಂಗಿಲ್ಲ. ಹೆಂಡ್ತಿ ಮಕ್ಳನ್ನ ಕರ್ಕೊಂಡು ನೀನು ಇಲ್ಲಿಗೆ ಬರ್ಬೇಕು, ನಾನು ಮನೆಗೆ ಹೋಗ್ಬೇಕು."

ಮುನಿವೆಂಕಟಯ್ಯ ಅಪ್ಪನ ಮುಖ ನೋಡಿದ. ಅಪ್ಪ ತಮಾಷೆ ಮಾಡುತ್ತಿಲ್ಲ. ಅವನು ಏರಿಯ ಮೇಲೆ ಕುಕ್ಕರಿಸಿ ಕೂತು, ರೇಡಿಯೋವನ್ನು ತಬ್ಬಿಕೊಂಡು ಅತ್ತುಬಿಟ್ಟ. ಚಿಕ್ಕಬೈರಪ್ಪನವರಿಗೆ ಮಗನ ಬೆನ್ನ ಮೇಲೆ ಕೈ ಇಡಬೇಕು ಎನ್ನಿಸಿತು. ಆದರೆ ಅವನು ಹಾಕಿಕೊಂಡಿದ್ದ ಅಂಗಿ ಹೊಸದು. ಯಾವ ದುಡ್ಡಿನದೋ ಏನೋ. ಕೈ ಅರ್ಧಕ್ಕೆ ನಿಂತಿತು. ಅರ್ಧಕ್ಕೆ ನಿಂತ ಕೈಯನ್ನು ನೋಡುತ್ತ ಅವರಿಗೆ ಮೊದಲ ಸಲ ಅನುಮಾನ ಬಂತು. ಹೀಗೂ ಒಂದು ಕಾನೂನು ಇರುತ್ತದೆಯೇ?

ಮರುದಿನ ಗಂಗರತ್ನಮ್ಮ ಯಾರನ್ನೂ ಕೇಳಲಿಲ್ಲ. ಗಂಡನನ್ನೂ ನೋಟುಬುಕ್ಕನ್ನೂ ಎತ್ತಿಕೊಂಡು, ದಾರಿಯಲ್ಲಿ ಆನಂದಪ್ಪನವರನ್ನೂ ಎಬ್ಬಿಸಿಕೊಂಡು, ಪಟ್ಟಣದ ತೆರಿಗೆ ಕಚೇರಿಗೆ ಹೋದರು. ಮರದ ಬೆಂಚಿನ ಮೇಲೆ ಒಂದೂವರೆ ಗಂಟೆ ಕೂತ ಮೇಲೆ ಒಳಗೆ ಕರೆದರು. ಆಫೀಸರು ಚಿಕ್ಕ ವಯಸ್ಸಿನವರು, ಸಣ್ಣ ದನಿಯವರು. ಗಂಗರತ್ನಮ್ಮ ನೋಟುಬುಕ್ಕನ್ನು ಅವರ ಮೇಜಿನ ಮೇಲಿಟ್ಟು, "ಇದನ್ನ ಓದಿ, ಇವ್ರಿಗೆ ಏನು ಸಿಕ್ಸೆ ಕೊಡ್ಬೇಕೋ ಕೊಡಿ ಸ್ವಾಮಿ," ಎಂದರು.

ಆಫೀಸರು ಒಂದು ಪುಟ ಓದಿದರು. ಇನ್ನೊಂದು ತಿರುವಿದರು. ಜವಾನ ಫೈಲು ತಂದರೆ ಕೈಬೀಸಿ ಕಳಿಸಿದರು. ಕಿಟಕಿಯಾಚೆ ಯಾವುದೋ ಮರದ ಹಳದಿ ಹೂವು ಒಂದೊಂದೇ ಉದುರುತ್ತಿತ್ತು. ಮೂರು ತಿಂಗಳ ಸುಖವನ್ನೆಲ್ಲ ಅವರು ನಿಧಾನವಾಗಿ, ಬೆರಳಿಟ್ಟುಕೊಂಡು ಓದಿದರು. ಒಂದು ಕಡೆ ನಿಲ್ಲಿಸಿ ಗಟ್ಟಿಯಾಗಿ ಓದಿದರು: "ಗುರುವಾರ. ಹಾಡು ಇರಲಿಲ್ಲ. ರೇಡಿಯೋ ಕೆಟ್ಟಿದೆಯಂತೆ. ಆದರೂ ಕಾದೆ. ಕಾದದ್ದೂ ಸುಖವೇ, ಆದ್ದರಿಂದ ಬರೆದಿದ್ದೇನೆ."

ಆಮೇಲೆ ಕನ್ನಡಕ ಒರೆಸಿಕೊಂಡು ಕೇಳಿದರು. "ಯಜಮಾನ್ರೇ, ಮಕ್ಕಳಿಗೆ ಕೊಟ್ಟ ಮೇಲೆ ನಿಮ್ಮ ಹೆಸರಲ್ಲಿ ಏನುಳಿದಿದೆ?"

"ಮನೆ, ತೋಟ, ಬ್ಯಾಂಕಲ್ಲಿ ಸ್ವಲ್ಪ."

"ಎಲ್ಲ ಸೇರಿ ಎಷ್ಟಾಗಬಹುದು?"

ಆನಂದಪ್ಪ ಮಧ್ಯೆ ಬಂದು, "ಇಪ್ಪತ್ತು ಇಪ್ಪತ್ತೆರಡು ಸಾವಿರ ಆದ್ರೆ ಹೆಚ್ಚು ಸಾರ್," ಎಂದರು.

"ಕೊಟ್ಟದ್ದನ್ನೂ ಸೇರಿಸಿದ್ರೆ ಮೂವತ್ತೊಂದು. ಈ ಸುಂಕ ಇರೋದು ಐವತ್ತು ಸಾವಿರ ದಾಟಿದೋರಿಗೆ. ನೀವು ದಿನಾ ಹತ್ತು ಲೋಟ ಕಾಫಿ ಕುಡಿದ್ರೂ ನಮ್ಮ ಇಲಾಖೆ ನಿಮ್ಮ ಮನೆ ಕಡೆ ತಿರುಗಿ ನೋಡೋಲ್ಲ."

ಚಿಕ್ಕಬೈರಪ್ಪನವರು ಆನಂದಪ್ಪನ ಕಡೆ ತಿರುಗಿದರು. ಆನಂದಪ್ಪ ಕುರ್ಚಿಯಿಂದ ಅರ್ಧ ಎದ್ದಿದ್ದರು. "ಅವತ್ತೇ ಹೇಳಿದ್ನಲ್ಲ ಗೌಡ್ರೇ. ಇದೆಲ್ಲ ಐವತ್ತು ಸಾವಿರದ ಮೇಲಿನೋರಿಗೆ, ನಿಮಗಲ್ಲ, ನೀವು ಆರಾಮಾಗಿ ಇರಿ ಅಂತ. ಗೂಡ್ಸು ಹೋಗ್ತಿತ್ತು. ಗೊತ್ತಾಯ್ತಾ ಅಂದ್ರೆ ಚೆನ್ನಾಗಿ ಅಂದ್ರಿ."

"ನಾನು ಹುಲ್ಲು ನೋಡ್ತಿದ್ದೆ," ಎಂದರು ಚಿಕ್ಕಬೈರಪ್ಪ, ಬಹಳ ಸಣ್ಣ ದನಿಯಲ್ಲಿ.

ಗಂಗರತ್ನಮ್ಮ ಮೇಜಿನ ಹತ್ತಿರಕ್ಕೆ ಸರಿದರು. "ಅಂಗಾದ್ರೆ ಇವ್ರು ಕಾಪಿ ಕುಡೀಬೌದಾ ಸ್ವಾಮಿ?"

"ಕುಡೀಬಹುದು ತಾಯಿ."

"ಬರ್ಕೊಡಿ. ಬಾಯ್ಮಾತಿಗೆ ಇವ್ರು ಒಪ್ಪಲ್ಲ."

ಆಫೀಸರು ನಗಲಿಲ್ಲ. ಒಂದು ಬಿಳಿ ಹಾಳೆ ತೆಗೆದುಕೊಂಡು, ಒಳ್ಳೆಯ ದುಂಡು ಅಕ್ಷರದಲ್ಲಿ, ಸಿಂಗಾಪುರದ ಶ್ರೀ ಚಿಕ್ಕಬೈರಪ್ಪನವರು ತಮ್ಮ ಮಗನ ಮನೆಯ ಕಾಫಿ ಕುಡಿಯಲು, ರೇಡಿಯೋ ಕೇಳಲು ಹಾಗೂ ಕಾಲುವೆಯ ನಡುವೆ ಬೇಕಾದಷ್ಟು ಹೊತ್ತು ನಿಲ್ಲಲು ಯಾವ ಅಡ್ಡಿಯೂ ಇಲ್ಲ ಎಂದು ಬರೆದು ಸಹಿ ಹಾಕಿ ಕೊಟ್ಟರು. ನೋಟುಬುಕ್ಕನ್ನು ವಾಪಸು ಕೊಡುವಾಗ ಅವರ ಕೈ ಸ್ವಲ್ಪ ತಡೆಯಿತು.

ಅಂದು ಸಂಜೆ ಮಂಚ ಮನೆಗೆ ಬಂತು. ಸೊಸೆ ಕೊಟ್ಟ ಕಾಫಿಯನ್ನು ಚಿಕ್ಕಬೈರಪ್ಪನವರು ಹಜಾರದ ನಡುವೆ, ಬಾಗಿಲು ತೆರೆದಿಟ್ಟು, ಬೀದಿಗೆ ಕಾಣುವಂತೆ ಕುಡಿದರು. ಹಾಗೆ ಕುಡಿಯಬೇಕೆಂದು ಮಗ ಕೇಳಿಕೊಂಡಿದ್ದ. ಎದುರು ಮನೆಯ ಮುದುಕಿ ನೋಡುವವರೆಗೂ ಮೂರು ಲೋಟ ಕುಡಿಯಬೇಕಾಯಿತು.

ಉಳಿದದ್ದು ರಾಜಾನುಕುಂಟೆ. ಮುಂದಿನ ಭಾನುವಾರ ಗಂಡ ಹೆಂಡತಿ ಇಬ್ಬರೂ ಹಣ್ಣು, ಹೂವು, ಎಲೆ ಅಡಿಕೆ ಹಿಡಿದುಕೊಂಡು ಹೋದರು. ದೊಡ್ಡಮಾರಯ್ಯ ಮುಖ ಬಿಗಿದುಕೊಂಡೇ ಇದ್ದರು. ಚಿಕ್ಕಬೈರಪ್ಪನವರು ಎಲ್ಲವನ್ನೂ ಹೇಳಿದರು. ರೈಲು, ಹುಲ್ಲು, ಸುಂಕ, ಯಾವುದನ್ನೂ ಬಿಡಲಿಲ್ಲ. "ಮಗಳಿಗೆ ಕೊಟ್ಟ ದುಡ್ಡಲ್ಲಿ ಮಾಡ್ಸಿದ ತೂಗುಮಣೆ, ಅದ್ಕೇ ಕೂರ್ಲಿಲ್ಲ ಬೀಗ್ರೇ. ತಪ್ಪು ತಿಳೀಬೇಡಿ."

ದೊಡ್ಡಮಾರಯ್ಯ ಸರಪಳಿಯ ಮೇಲೆ ಕೈಯಿಟ್ಟು, "ಇದು ನಮ್ಮಪ್ಪನ ಕಾಲದ್ದು," ಎಂದರು. "ಅಟ್ಟದ ಮೇಲಿತ್ತು. ನೀವು ಬರ್ತೀರಿ ಅಂತ ಪಾಲಿಶ್ ಹಾಕ್ಸಿ ಇಳಿಸಿದ್ದು."

ಚಿಕ್ಕಬೈರಪ್ಪನವರು ಎದ್ದು ಹೋಗಿ ತೂಗುಮಣೆಯ ಮೇಲೆ ಕೂತರು. ದೊಡ್ಡಮಾರಯ್ಯನೂ ಬಂದು ಪಕ್ಕದಲ್ಲಿ ಕೂತರು. ಶಾಮಮ್ಮ ಹಿಂದೆ ನಿಂತು ಮೆಲ್ಲಗೆ ತೂಗಿದಳು. ಸರಪಳಿ ಕಿರ್ ಎಂದಿತು. ಹೊರಗೆ ಬಿಸಿಲು, ಒಳಗೆ ತಂಪು. ಜಂತೆಯ ಸಂದಿನಿಂದ ಇಳಿದ ಒಂದು ಬೆಳಕಿನ ಕೋಲು ಅವರ ಮಡಿಲಿಗೆ ಬಂದು ಹೋಗಿ ಬಂದು ಹೋಗಿ ಮಾಡಿತು. ಹೋಳಿಗೆ ಬಂತು, ತಿಂದರು. ಮಜ್ಜಿಗೆ ಬಂತು, ಕುಡಿದರು. ಅವರಿಗೆ ತಾವು ನೀರಿನ ಮೇಲೆ ಇದ್ದೇವೆ ಎನ್ನಿಸಿತು. ಮಾತು ತಾನಾಗಿ ಹೊರಟಿತು.

"ಆದ್ರೂ ಬೀಗ್ರೇ, ಒಂದು ಮಾತು. ಕಾನೂನು ನಂಗೆ ಸಂಬಂಧ ಇರ್ಲಿಲ್ಲ, ಸರಿ. ಆದ್ರೆ ಮೂರು ತಿಂಗಳು ಹಿಡಿದ ವ್ರತ ಹಿಡಿದಂಗೆ ನಡೆಸ್ದೆ. ಮಕ್ಕಳಿಗೆ ಕೊಟ್ಟ ದುಡ್ಡಲ್ಲಿ ಒಂದು ಅಗುಳು ಈ ಹೊಟ್ಟೆಗೆ ಬೀಳ್ಲಿಲ್ಲ. ಅಂಥ ಗಂಡಸು ಈ ಸೀಮೇಲಿ ಇನ್ನೊಬ್ಬನ್ನ ತೋರ್ಸಿ."

ತೂಗುತ್ತಿದ್ದ ಕೈ ನಿಂತಿತು. ಶಾಮಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದಳು. ಗಂಗರತ್ನಮ್ಮ ವೀಳ್ಯದೆಲೆಯ ನಾರು ತೆಗೆಯುವುದರಲ್ಲಿ ಮುಳುಗಿದ್ದರು.

"ಅಪ್ಪಾ," ಎಂದಳು ಶಾಮಮ್ಮ. "ನಾನು ನಿನ್ ದುಡ್ಡಲ್ಲಿ ಏನೂ ಕೊಂಡ್ಕೊಳ್ಲಿಲ್ಲ ಅಂತ ಗೊತ್ತಾಯ್ತಲ್ಲ. ಮತ್ತೆ ದುಡ್ಡು ಎಲ್ಲೋಯ್ತು ಅಂತ ಕೇಳ್ಲೇ ಇಲ್ಲ ನೀನು."

"ಎಲ್ಲೋಯ್ತು?"

"ಅಮ್ಮಂಗೆ ಕೊಟ್ಟಿದ್ದೆ. ಇಟ್ಕೊಂಡಿರಮ್ಮ, ಬೇಕಾದಾಗ ತಗೋತೀನಿ ಅಂತ. ಆಮೇಲೆ ಅಮ್ಮ ಬೇರೆ ಒಲೆ ಹೂಡಬೇಕು, ಸಾಮಾನಿಗೆ ಕಾಸಿಲ್ಲ, ಅಣ್ಣನ ಹತ್ರ ಇಸ್ಕೊಂಡ್ರೆ ನೀನು ಮುಟ್ಟಲ್ಲ ಅಂತ ಹೇಳಿ ಕಳಿಸ್ತು. ನಂದ್ರಲ್ಲೇ ತಗೋಮ್ಮ ಅಂದೆ."

ಚಿಕ್ಕಬೈರಪ್ಪನವರು ಹೆಂಡತಿಯನ್ನು ನೋಡಿದರು. ಮೂರು ತಿಂಗಳ ಮುದ್ದೆ, ಮೂರು ತಿಂಗಳ ಸಾರು, ಹಬ್ಬದ ದಿನದ ಪಾಯಸ, ಎಲ್ಲವೂ ಒಂದೊಂದಾಗಿ ಅವರ ಕಣ್ಣಮುಂದೆ ಸಾಲಾಗಿ ಹೋಯಿತು.

"ದಿನಕ್ಕೆ ಎರಡು ಊಟ," ಎಂದರು ಗಂಗರತ್ನಮ್ಮ, ಎಲೆಗೆ ಸುಣ್ಣ ಹಚ್ಚುತ್ತ. "ಮಗಳ ದುಡ್ಡಲ್ಲಿ ಖರ್ಚಾಗಿದ್ದು ಮಿಕ್ಕ ಯಾರ ಬಾಯಿಗೂ ಹೋಗಿಲ್ಲ. ಪೂರ್ತಿ ನೀವೇ ಅನುಭೋಗ್ಸಿದ್ದು."

ದೊಡ್ಡಮಾರಯ್ಯ ಮರ್ಯಾದಸ್ಥರು. ಅವರು ತಲೆ ಎತ್ತಿ 'ಈ ಜಂತೆ ಬದಲಾಯಿಸಬೇಕು' ಎನ್ನುವವರಂತೆ ಸೂರನ್ನೇ ನೋಡುತ್ತಿದ್ದರು. ಆದರೆ ಅವರ ಭುಜ ಕುಲುಕುತ್ತಿತ್ತು, ಅದರಿಂದ ತೂಗುಮಣೆಯೂ ಅಲುಗುತ್ತಿತ್ತು.

ಚಿಕ್ಕಬೈರಪ್ಪನವರು ಹೆಂಡತಿ ಚಾಚಿದ ಎಲೆಯನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಎರಡೂ ಕಾಲನ್ನು ಮೇಲಕ್ಕೆ ಮಡಚಿ ಕೂತು, ಕಣ್ಣು ಮುಚ್ಚಿಕೊಂಡು ಹೇಳಿದರು:

"ಸ್ವಲ್ಪ ಜೋರಾಗಿ ತೂಗಮ್ಮ."